ಹೊನ್ನಶೂಲದ ಮೇಲೆ ಜೂನಿಯರ್ ಸೇಯೌ

ಹೋದ ತಿಂಗಳು ಕ್ಯಾಲಿಫೋರ್ನಿಯಾದಿಂದ ಅಕ್ಕನ ಮಗ ನನಗೊಂದು ವಿಡಿಯೋ ಕಳಿಸಿದ. ಅವನಿಗೀಗ 14 ವರ್ಷ. ಹೈಸ್ಕೂಲಿನ ಫುಟ್‌ಬಾಲ್ ತಂಡ ಸೇರುತ್ತೇನೆಂದು ಹಟ ಹಿಡಿದು ಕೂತಿದ್ದಾನೆ. ನಾವು ಹೇಳುವ ಫುಟ್‌ಬಾಲ್ ಅಲ್ಲ. ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು ಕಟ್ಟಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವ ಅಮೆರಿಕನ್ನರ ಫುಟ್‌ಬಾಲ್. ವಿಡಿಯೋದಲ್ಲಿ 55ನೇ ನಂಬರಿನ ಅಂಗಿ ತೊಟ್ಟ ಒಬ್ಬ ಆಟಗಾರ ಎಲ್ಲಿಂದಲೋ ನುಗ್ಗಿ ಬರುತ್ತಾನೆ, ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವುತ್ತಾನೆ, ಎದ್ದು ಗಾಳಿಯಲ್ಲಿ ಮುಷ್ಟಿ ಬೀಸಿ ಕುಣಿಯುತ್ತಾನೆ. ಮತ್ತೆ ನುಗ್ಗುತ್ತಾನೆ, ಮತ್ತೆ ಕೆಡವುತ್ತಾನೆ. ಹತ್ತು ನಿಮಿಷ ಇದೇ. ಕೊನೆಗೆ ಪರದೆ ಕಪ್ಪಾಗಿ 1969–2012 ಎಂದು ಬರುತ್ತದೆ. ಹಿನ್ನೆಲೆಯಲ್ಲಿ ಪಿಟೀಲು. ‘ಮಾಮ, ಇವನು ಜೂನಿಯರ್ ಸೇಯೌ. ಇವನ ಥರ ಇನ್ನೊಬ್ಬ ಬರಲಿಲ್ಲ’ ಎಂದು ಹುಡುಗ ಕೆಳಗೆ ಬರೆದಿದ್ದ.

ಆ ಕಪ್ಪು ಪರದೆಯ ಮೇಲೆ ನನ್ನ ತಕರಾರಿದೆ. ಹತ್ತು ನಿಮಿಷ ಪರಾಕ್ರಮ, ಎರಡು ಸೆಕೆಂಡು ದುಃಖ. ಇವೆರಡರ ನಡುವೆ ಏನೋ ಬೇರೆಯದೇ ನಡೆದುಹೋಯಿತು, ವಿಧಿ ಎಲ್ಲಿಂದಲೋ ಬಂದು ಒಬ್ಬ ಮಹಾನ್ ಆಟಗಾರನನ್ನು ಕೊಂಡೊಯ್ದಿತು ಎಂಬಂತೆ ಆ ಪಿಟೀಲು ಅಳುತ್ತದೆ. ಅವನ ಬಗ್ಗೆ ಬಂದ ಶ್ರದ್ಧಾಂಜಲಿಗಳಲ್ಲಿ, ಹೊಗಳಿಕೆಯ ಬರಹಗಳಲ್ಲಿ ಬಹುಪಾಲು ಇದೇ ಧಾಟಿಯವು: ಮೊದಲ ಮುಕ್ಕಾಲು ಭಾಗ ಸಾಧನೆ, ಕೊನೆಯಲ್ಲೊಂದು ‘ಆದರೆ’. ನಾನು ಹೇಳಹೊರಟಿರುವುದು ಇಷ್ಟೇ, ಅಲ್ಲಿ ‘ಆದರೆ’ ಎಂಬ ಪದಕ್ಕೆ ಜಾಗವಿಲ್ಲ. ‘ಆದ್ದರಿಂದ’ ಎಂದು ಬರೆಯಬೇಕು. ಆ ಹತ್ತು ನಿಮಿಷವೇ 2012ಕ್ಕೆ ಹೋದ ದಾರಿ.

ಮೊದಲು ಒಂದು ತಪ್ಪೊಪ್ಪಿಗೆ. ವಿಡಿಯೋ ನನಗೆ ಇಷ್ಟವಾಯಿತು. ಎರಡು ಸಲ ನೋಡಿದೆ. ಸೇಯೌ ಆಡಿದ ರೀತಿಯಲ್ಲಿ ಒಂದು ಚೆಲುವಿದೆ ಎಂದು ಒಪ್ಪದೆ ಮುಂದೆ ಹೋದರೆ ನನ್ನ ವಾದಕ್ಕೆ ಬೆಲೆಯಿಲ್ಲ. ಆ ಆಟ ಗೊತ್ತಿಲ್ಲದವರಿಗೆ ಕಬಡ್ಡಿಯ ಮೂಲಕ ಹೇಳಬಹುದು. ಒಂದು ತಂಡದ ಬಳಿ ಚೆಂಡು. ನಾಲ್ಕು ಅವಕಾಶಗಳಲ್ಲಿ ಅವರು ಹತ್ತು ಗಜ ಮುಂದೆ ಹೋಗಬೇಕು. ಇನ್ನೊಂದು ತಂಡ ಅವರನ್ನು ಹಿಡಿದು ಕೆಡವಬೇಕು. ಪ್ರತಿ ಸಲವೂ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಚೆಂಡು ಅಲುಗಿದ ಕ್ಷಣ 22 ಜನ ಒಟ್ಟಿಗೇ ಸಿಡಿಯುತ್ತಾರೆ. ಕಬಡ್ಡಿಯಲ್ಲಿ ಹಿಡಿಯುವವರು ಒಬ್ಬನ ಮೇಲೆ ಬೀಳುತ್ತಾರೆ. ಇಲ್ಲಿ ಹಿಡಿಯುವವನು ಚೆಂಡಿನವನನ್ನು ತಲುಪುವ ಮೊದಲು, ಅವನ ಕಾವಲಿಗೆ ನಿಂತ ನೂರೈವತ್ತು ಕೆಜಿ ತೂಕದವರನ್ನು ಗುದ್ದಿ ದಾರಿ ಮಾಡಿಕೊಳ್ಳಬೇಕು. ಸೇಯೌ ಲೈನ್‌ಬ್ಯಾಕರ್. ರಕ್ಷಣೆಯ ಮುಂಚೂಣಿಯಿಂದ ಕೆಲವು ಹೆಜ್ಜೆ ಹಿಂದೆ ನಿಂತು, ಚೆಂಡು ಎತ್ತ ಹೋಗಲಿದೆ ಎಂದು ಊಹಿಸಿ ಓಡಿಬಂದು ಡಿಕ್ಕಿ ಹೊಡೆಯುವ ಜಾಗ ಅದು. ಆ ಕೆಲವು ಹೆಜ್ಜೆಗಳೇ ವೇಗ ಕೂಡಿಸಿಕೊಳ್ಳುವ ರನ್‌ವೇ. ಕೋಚು ಹೇಳಿದ ಜಾಗದಲ್ಲೇ ನಿಲ್ಲುವ ಜಾಯಮಾನ ಅವನದಲ್ಲ. ಎದುರಾಳಿಯ ಕಣ್ಣು, ಪಾದ ನೋಡಿ ಅಂದಾಜು ಮಾಡಿ, ಜಾಗ ಬಿಟ್ಟು ನುಗ್ಗಿಬಿಡುತ್ತಿದ್ದ. ಬಹಳ ಸಲ ಅಂದಾಜು ಸರಿಯಾಗುತ್ತಿತ್ತು. ಚೆಂಡು ಅಲುಗುವುದಕ್ಕೂ ಅವನು ಹಾರುವುದಕ್ಕೂ ನಡುವೆ ಕೂದಲೆಳೆಯ ಅಂತರ. ಚೆಲುವು ಇರುವುದು ಅಲ್ಲಿ.

ಅವನ ಹೆತ್ತವರು ಪೆಸಿಫಿಕ್ ಸಾಗರದ ನಡುವಿನ ಅಮೆರಿಕನ್ ಸಮೋವಾದಿಂದ ಬಂದವರು. ಸುಮಾರು 50 ಸಾವಿರ ಜನರ ಆ ಪುಟ್ಟ ದ್ವೀಪಸಮೂಹದ ಮೂಲದಿಂದ ಎಷ್ಟೋ ಹುಡುಗರು ಈ ಆಟಕ್ಕೆ ಬಂದಿದ್ದಾರೆ. ಸ್ಯಾನ್ ಡಿಯಾಗೋ ಬಳಿಯ ಓಷನ್‌ಸೈಡ್ ಎಂಬ ಊರಿನಲ್ಲಿ ಸೇಯೌ ಬೆಳೆದ. ಮನೆಯಲ್ಲಿ ಜಾಗ ಸಾಲದೆ ಗಂಡುಮಕ್ಕಳು ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಮಲಗುತ್ತಿದ್ದರು. ಏಳು ವರ್ಷದವರೆಗೆ ಅವನಿಗೆ ಇಂಗ್ಲಿಷೇ ಬರುತ್ತಿರಲಿಲ್ಲ. 1990ರಲ್ಲಿ ವೃತ್ತಿಪರ ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ ಐದನೆಯವನಾಗಿ ಅವನದೇ ಊರಿನ ತಂಡ ಸ್ಯಾನ್ ಡಿಯಾಗೋ ಚಾರ್ಜರ್ಸ್ ಅವನನ್ನು ತೆಗೆದುಕೊಂಡಿತು. ಅಲ್ಲಿಂದ 2009ರವರೆಗೆ, ಮೂರು ತಂಡಗಳಲ್ಲಿ ಇಪ್ಪತ್ತು ಋತು, 268 ಪಂದ್ಯ. 1991ರಿಂದ 2002ರವರೆಗೆ ಒಂದು ವರ್ಷವೂ ತಪ್ಪದೆ ಹನ್ನೆರಡು ಸಲ ಪ್ರೊ ಬೌಲ್‌ಗೆ, ಅಂದರೆ ಆ ವರ್ಷದ ಶ್ರೇಷ್ಠರ ತಂಡಕ್ಕೆ, ಆಯ್ಕೆಯಾದ. ಒಬ್ಬ ಲೈನ್‌ಬ್ಯಾಕರ್ ಸರಿಯಾಗಿ ನಡೆಯಬಲ್ಲವನಾಗಿ ಹತ್ತು ವರ್ಷ ಮುಗಿಸಿದರೇ ದೊಡ್ಡದು ಎನ್ನುವ ಆಟದಲ್ಲಿ ಇಪ್ಪತ್ತು ವರ್ಷ ಎನ್ನುವುದನ್ನು ಎಲ್ಲರೂ ಪವಾಡ ಎಂದರು. ನನಗೆ ಅದು ಡೋಸಿನ ಲೆಕ್ಕವಾಗಿ ಕಾಣುತ್ತದೆ.

ಅವನ ಅಡ್ಡಹೆಸರನ್ನು ಅಮೆರಿಕನ್ನರು ‘ಸೇ ಔ’ ಎಂದು ಬಿಡಿಸಿ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಕೇಳಿದರೆ ‘ಅಯ್ಯೋ ಅನ್ನು’ ಎಂದ ಹಾಗೆ. ಸ್ಯಾನ್ ಡಿಯಾಗೋದ ಅಭಿಮಾನಿಗಳಿಗೆ ಈ ಶ್ಲೇಷೆ ಬಹಳ ಹಿಡಿಸಿ ಅದನ್ನೇ ಘೋಷಣೆ ಮಾಡಿಕೊಂಡರು. ಅಯ್ಯೋ ಅನ್ನಬೇಕಾದವನು ಎದುರಾಳಿ ಎಂದು ಎಲ್ಲರ ತಿಳುವಳಿಕೆ. ಇವನು ಮಾತ್ರ ಅಯ್ಯೋ ಅನ್ನಲೇ ಇಲ್ಲ. 1995ರ ಜನವರಿ 15ರಂದು ಪಿಟ್ಸ್‌ಬರ್ಗ್‌ನಲ್ಲಿ ನಡೆದ ಪಂದ್ಯದ ಕಥೆಯನ್ನು ಅವನ ಬಗ್ಗೆ ಬರೆದವರೆಲ್ಲ ಹೇಳಿದ್ದಾರೆ. ಕುತ್ತಿಗೆಯಲ್ಲಿ ನರ ಸಿಕ್ಕಿಹಾಕಿಕೊಂಡು ನೋಯುತ್ತಿತ್ತು. ಆ ನೋವಿನಲ್ಲೇ ಆಡಿ 16 ಟ್ಯಾಕಲ್ ಮಾಡಿದ, ತಂಡ 17–13ರಿಂದ ಗೆದ್ದು ಮೊದಲ ಬಾರಿಗೆ ಸೂಪರ್ ಬೌಲ್ ತಲುಪಿತು. ಈ ಕಥೆ ಹೇಳುವ ದನಿಗಳಲ್ಲಿ ಒಂದಾದರೂ ‘ಆ ದಿನ ಅವನನ್ನು ಆಡಲು ಬಿಟ್ಟ ವೈದ್ಯರು ಯಾರು’ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಕುತ್ತಿಗೆಯ ನೋವು ಕಥೆಗೆ ಒಗ್ಗರಣೆಯಾಗಿದೆ, ಅಷ್ಟೆ.

ಈಗ ನನಗೆ ಅತ್ಯಂತ ಸಿಟ್ಟು ತರಿಸುವ ಲೆಕ್ಕಕ್ಕೆ ಬರುತ್ತೇನೆ. ಇಪ್ಪತ್ತು ವರ್ಷ, 268 ಪಂದ್ಯ, ಲೆಕ್ಕ ಇಟ್ಟವರ ಪ್ರಕಾರ 1,800ಕ್ಕೂ ಹೆಚ್ಚು ಟ್ಯಾಕಲ್. ಇಷ್ಟೂ ಕಾಲದಲ್ಲಿ ತಂಡಗಳು ಹೊರಡಿಸಿದ ಗಾಯಾಳುಗಳ ಪಟ್ಟಿಯಲ್ಲಿ ಸೇಯೌ ಹೆಸರಿನ ಮುಂದೆ ‘ಕನ್‌ಕಷನ್’ ಎಂದು ಒಂದು ಸಲವೂ ಬರೆದಿಲ್ಲ. ಕನ್‌ಕಷನ್ ಎಂದರೆ ಪೆಟ್ಟಿನಿಂದ ಮಿದುಳು ಅದುರಿ ಅದರ ಕೆಲಸ ಏರುಪೇರಾಗುವುದು. ಸೊನ್ನೆ. ಅವನ ಪಕ್ಕದಲ್ಲೇ ಲೈನ್‌ಬ್ಯಾಕರ್ ಆಗಿ ಆಡಿದ ಗ್ಯಾರಿ ಪ್ಲಮರ್, ಸೇಯೌ ಸತ್ತ ಮೇಲೆ ಬೇರೆ ಲೆಕ್ಕ ಕೊಟ್ಟ. ಪೆಟ್ಟು ಬಿದ್ದು ಕಣ್ಣಿಗೆ ನಕ್ಷತ್ರ ಕಾಣುವುದನ್ನೂ ಮೊದಲ ದರ್ಜೆಯ ಕನ್‌ಕಷನ್ ಎಂದು ವೈದ್ಯರು ಎಣಿಸುವುದಾದರೆ ಪಂದ್ಯಕ್ಕೆ ಐದಂತೂ ಗ್ಯಾರಂಟಿ, ಸೇಯೌಗೆ ಒಟ್ಟು 1,500 ಆಗಿರಬೇಕು ಎಂದ. ಅದು ಗೆಳೆಯನೊಬ್ಬನ ಅಂದಾಜು, ಪ್ರಯೋಗಾಲಯದ ಸಂಖ್ಯೆಯಲ್ಲ. ಅರ್ಧಕ್ಕರ್ಧ ಕಡಿಮೆ ಮಾಡಿ, ಹತ್ತನೇ ಒಂದು ಭಾಗಕ್ಕೆ ಇಳಿಸಿ. ಆದರೂ ಸೊನ್ನೆ ಆಗುವುದಿಲ್ಲ.

ಇಷ್ಟೊಂದು ಪೆಟ್ಟುಗಳನ್ನು ಸೊನ್ನೆ ಮಾಡಿದ್ದು ಭಾಷೆ. ಸಾಹಿತ್ಯ ಓದುವ ನಿಮ್ಮ ಮುಂದೆ ಈ ಆಟದ ಮಾತನ್ನು ತಂದಿರುವುದು ಈ ಕಾರಣಕ್ಕೇ. ಆ ಲೋಕದಲ್ಲಿ ತಲೆಗೆ ಪೆಟ್ಟು ಬಿದ್ದು ತತ್ತರಿಸುವುದಕ್ಕೆ ‘ಡಿಂಗ್’ ಎನ್ನುತ್ತಿದ್ದರು. ‘ಗಂಟೆ ಬಾರಿಸಿತು’ ಎಂದೂ ಹೇಳುತ್ತಿದ್ದರು. ಡಿಂಗ್, ಎಷ್ಟು ಮುದ್ದಾದ ಪದ! ಸೈಕಲ್ ಬೆಲ್ಲಿನ ಹಾಗೆ. ಮಿದುಳಿಗಾದ ಗಾಯಕ್ಕೆ ಈ ಹೆಸರಿಟ್ಟ ಮೇಲೆ ಅದನ್ನು ವೈದ್ಯರಿಗೆ ಹೇಳಿಕೊಳ್ಳುವ ಗಂಡಸು ಎಲ್ಲಿ ಸಿಗುತ್ತಾನೆ? ಡಿಂಗ್ ಆಯಿತು ಎಂದು ಅಳುವವನನ್ನು ಯಾರು ಹತ್ತಿರ ಸೇರಿಸುತ್ತಾರೆ? ಆ ಕಡೆ ಟೀವಿಯಲ್ಲಿ ಅವನನ್ನು ಯೋಧ, ದೈತ್ಯ, ಉಕ್ಕಿನ ಮನುಷ್ಯ ಎಂದು ಕೂಗುತ್ತಿದ್ದರು. ಒಂದು ಕಡೆ ಪೆಟ್ಟನ್ನು ಕುಗ್ಗಿಸುವ ಪದ, ಇನ್ನೊಂದು ಕಡೆ ಪೆಟ್ಟು ತಿಂದವನನ್ನು ಹಿಗ್ಗಿಸುವ ಪದ. ನಮ್ಮವರು ಇದಕ್ಕೆ ಎಂಟು ಶತಮಾನಗಳ ಹಿಂದೆಯೇ ಹೆಸರಿಟ್ಟಿದ್ದಾರೆ: ಹೊನ್ನಶೂಲ. ಹೊಗಳಿಕೆಯಿಂದ ಆಗುವ ಕೇಡನ್ನು ಬಸವಣ್ಣ ಆ ಪದದಲ್ಲಿ ಕಂಡ. ಶೂಲ ಚಿನ್ನದ್ದಾದರೂ ಹೊಕ್ಕುವುದು ಹೊಟ್ಟೆಗೇ ತಾನೆ.

ಭಾಷೆಯನ್ನು ಅಭಿಮಾನಿಗಳಷ್ಟೇ ಕೆಡಿಸಿದ್ದರೆ ಕ್ಷಮಿಸಬಹುದಿತ್ತು. ಆಟವನ್ನು ನಡೆಸುವ ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್, ಇದನ್ನು ಕಚೇರಿಯ ಮಟ್ಟದಲ್ಲೇ ಮಾಡಿತು. 1994ರಲ್ಲಿ ಮಿದುಳಿನ ಪೆಟ್ಟಿನ ಅಧ್ಯಯನಕ್ಕೆ ಒಂದು ಸಮಿತಿ ರಚಿಸಿತು. ಸಮಿತಿಯ ಹೆಸರಿನಲ್ಲೇ ‘ಸೌಮ್ಯ’ ಎಂಬ ವಿಶೇಷಣ ಇತ್ತು: ಸೌಮ್ಯ ಮಿದುಳಾಘಾತ ಸಮಿತಿ. ಅಧ್ಯಯನಕ್ಕೆ ಮೊದಲೇ ತೀರ್ಪು! ಅದರ ಅಧ್ಯಕ್ಷ ಕೀಲುವಾತದ ವೈದ್ಯ, ನರರೋಗ ತಜ್ಞನಲ್ಲ. ಅದೇ ವರ್ಷ ಲೀಗಿನ ಕಮಿಷನರ್ ಪಾಲ್ ಟ್ಯಾಗ್ಲಿಯಾಬು, ಈ ಕನ್‌ಕಷನ್ ಗಲಾಟೆಯೆಲ್ಲ ಪತ್ರಕರ್ತರು ಗುಂಪುಗೂಡಿ ಎಬ್ಬಿಸಿದ್ದು ಎಂಬರ್ಥದ ಮಾತಾಡಿದ. ಅದಕ್ಕೆ ಅವನು ವಿಷಾದ ಸೂಚಿಸಿದ್ದು 2017ರಲ್ಲಿ. ಆ ವೇಳೆಗೆ ಸೇಯೌ ಸತ್ತು ಐದು ವರ್ಷ. 2005ರಲ್ಲಿ ನೈಜೀರಿಯಾ ಮೂಲದ ಬೆನೆಟ್ ಒಮಾಲು ಎಂಬ ರೋಗಶಾಸ್ತ್ರಜ್ಞ, ಪಿಟ್ಸ್‌ಬರ್ಗ್‌ನ ಹಳೆಯ ಆಟಗಾರ ಮೈಕ್ ವೆಬ್‌ಸ್ಟರ್‌ನ ಮಿದುಳಿನಲ್ಲಿ ತಾನು ಕಂಡದ್ದನ್ನು ಪ್ರಕಟಿಸಿದ. ಲೀಗಿನ ಸಮಿತಿಯ ಸದಸ್ಯರು ಆ ಲೇಖನವನ್ನು ಹಿಂತೆಗೆದುಕೊಳ್ಳಬೇಕೆಂದು ಪತ್ರ ಬರೆದರು. 2007ರಲ್ಲಿ ಆಟಗಾರರಿಗೆ ಹಂಚಿದ ಕರಪತ್ರದಲ್ಲಿ, ಸರಿಯಾಗಿ ಚಿಕಿತ್ಸೆ ಪಡೆದರೆ ಒಂದೆರಡಕ್ಕಿಂತ ಹೆಚ್ಚು ಕನ್‌ಕಷನ್ ಆದರೂ ಶಾಶ್ವತ ತೊಂದರೆಯಾಗುತ್ತದೆ ಎಂದು ಸಂಶೋಧನೆ ತೋರಿಸಿಲ್ಲ ಎಂಬ ಭರವಸೆ ಇತ್ತು. ಆಗ ಸೇಯೌಗೆ 38 ವರ್ಷ, ಇನ್ನೂ ಆಡುತ್ತಿದ್ದ.

ಆಡುತ್ತಿದ್ದ ಎಂದರೆ, ಬಿಡಲಾಗದೆ ಆಡುತ್ತಿದ್ದ. 2006ರ ಆಗಸ್ಟಿನಲ್ಲಿ ಸ್ಯಾನ್ ಡಿಯಾಗೋದಲ್ಲಿ ಅವನಿಗೆ ವಿದಾಯದ ಸಮಾರಂಭವಾಯಿತು. ನಾನು ನಿವೃತ್ತನಾಗುತ್ತಿಲ್ಲ, ಪದವೀಧರನಾಗುತ್ತಿದ್ದೇನೆ ಎಂದು ತಮಾಷೆ ಮಾಡಿದ. ನಾಲ್ಕೇ ದಿನದಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡಕ್ಕೆ ಸಹಿ ಹಾಕಿದ. ಆ ಋತುವಿನಲ್ಲೇ ತೋಳು ಮುರಿಯಿತು. ಮರುವರ್ಷ ಮತ್ತೆ ಬಂದ. ಒಂದು ಪಂದ್ಯವನ್ನೂ ಸೋಲದೆ ಬಂದಿದ್ದ ಆ ತಂಡ 2008ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ 17–14ರಿಂದ ಸೋತಿತು. ಆಡಿದ ಎರಡೂ ಸೂಪರ್ ಬೌಲ್‌ಗಳಲ್ಲಿ ಸೋತವನು ಅವನು. ಛಲ ಬಿಡದ ಆಟಗಾರ ಎಂದು ಆಗಲೂ ಹೊಗಳಿದರು.

ಮನೆಯವರಿಗೆ ಕಂಡದ್ದು ಬೇರೆ. ನಿದ್ದೆ ಬರುತ್ತಿರಲಿಲ್ಲ. ಮರೆವು, ತಟ್ಟನೆ ಕೆರಳುವುದು, ಜೂಜು, ಮಕ್ಕಳಿಂದ ದೂರ ಸರಿಯುವುದು. ಆಟ ಬಿಟ್ಟ ವರ್ಷವೇ, 2010ರ ಅಕ್ಟೋಬರಿನಲ್ಲಿ, ಜೊತೆಗಿದ್ದ ಹೆಂಗಸಿಗೆ ಹೊಡೆದ ಆರೋಪದ ಮೇಲೆ ಪೊಲೀಸರು ಅವನನ್ನು ಬಂಧಿಸಿ ಬಿಟ್ಟರು. ಮುಂದೆ ಮೊಕದ್ದಮೆ ಆಗಲಿಲ್ಲ. ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಅವನ ಕಾರು ಸಮುದ್ರದಂಡೆಯ ದಿಬ್ಬದಿಂದ ಕೆಳಗೆ ಹೋಯಿತು. ನಿದ್ದೆ ಬಂದುಬಿಟ್ಟಿತ್ತು ಎಂದ. ಆ ಹೆಂಗಸಿನ ಮೇಲಾದದ್ದನ್ನು ಮಿದುಳಿನ ಗಾಯದ ಖಾತೆಗೆ ಹಾಕಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಅವನ ಯಾವ ಕೃತ್ಯ ಗಾಯದ್ದು, ಯಾವುದು ಅವನದೇ ಎಂದು ಬೇರ್ಪಡಿಸುವ ತಕ್ಕಡಿ ಯಾರ ಬಳಿಯೂ ಇಲ್ಲ. ಈ ಕಾಯಿಲೆಯ ಕ್ರೌರ್ಯ ಅದು: ಮನುಷ್ಯನನ್ನು ಕೊಲ್ಲುವ ಮೊದಲು ಅವನ ಗುಣವನ್ನು ಕದಡಿಬಿಡುತ್ತದೆ. ಉಳಿದವರು ಯಾರ ಮೇಲೆ ಕೋಪ ಮಾಡಿಕೊಳ್ಳಬೇಕು ಎಂದು ತಿಳಿಯದೆ ಒದ್ದಾಡುತ್ತಾರೆ.

2012ರ ಮೇ 2ರಂದು ಓಷನ್‌ಸೈಡಿನ ತನ್ನ ಮನೆಯಲ್ಲಿ ಸೇಯೌ ತಾನಾಗಿಯೇ ಜೀವ ಕಳೆದುಕೊಂಡ. 43 ವರ್ಷ. ಮನೆಯವರು ಅವನ ಮಿದುಳನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಕೊಟ್ಟರು. 2013ರ ಜನವರಿಯಲ್ಲಿ ವರದಿ ಬಂತು: ಸಿಟಿಇ, ಅಂದರೆ ಕ್ರಾನಿಕ್ ಟ್ರಾಮ್ಯಾಟಿಕ್ ಎನ್‌ಸೆಫಲೋಪತಿ. ಪದೇ ಪದೇ ಬಿದ್ದ ಪೆಟ್ಟಿನಿಂದ ಟೌ ಎಂಬ ಪ್ರೊಟೀನು ಮಿದುಳಿನಲ್ಲಿ ಗಂಟುಗಟ್ಟಿ ಜೀವಕೋಶಗಳನ್ನು ಸಾಯಿಸುತ್ತ ಹೋಗುವ ರೋಗ. ಸತ್ತ ಮೇಲೆ ಮಿದುಳನ್ನು ಕೊಯ್ದು ನೋಡಿದರೆ ಮಾತ್ರ ಖಚಿತವಾಗುತ್ತದೆ. ಬದುಕಿರುವವನಿಗೆ ತನ್ನೊಳಗೆ ಅದಿದೆ ಎಂದು ಸಾಬೀತು ಮಾಡಲು ದಾರಿಯಿಲ್ಲ. ಲೀಗಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು.

ಇಲ್ಲಿಗೆ ಬಂದಾಗ ನನ್ನ ಅಕ್ಕನ ಗಂಡ ಹೇಳುವ ಮಾತು, ಮತ್ತು ಬಹಳ ಜನ ಹೇಳುವ ಮಾತು: ಗೊತ್ತಿದ್ದೇ ಆಡಿದ, ಕೋಟಿ ಕೋಟಿ ತೆಗೆದುಕೊಂಡ, ವಯಸ್ಸಿಗೆ ಬಂದವನ ಆಯ್ಕೆ. ಗೊತ್ತಿದ್ದೇ ಎಂದರೆ ಏನು ಗೊತ್ತಿತ್ತು? ಮೊಣಕಾಲು ಹೋಗುತ್ತದೆ, ಬೆನ್ನು ಹೋಗುತ್ತದೆ ಎಂದು ಗೊತ್ತಿತ್ತು. ತನ್ನತನವೇ ಹೋಗುತ್ತದೆ ಎಂದು ಹೇಳಿದವರಾರು? ಹೇಳಬೇಕಾದವರು ಮೇಲೆ ಹೇಳಿದ ಕರಪತ್ರ ಹಂಚುತ್ತಿದ್ದರು. ಇನ್ನು ಆಯ್ಕೆ. ಗ್ಯಾರೇಜಿನ ನೆಲದ ಮೇಲೆ ಮಲಗಿದ ಹುಡುಗನಿಗೆ ಕೋಟಿಗಳ ಚೆಕ್ಕನ್ನೂ ಸುಳ್ಳು ಕರಪತ್ರವನ್ನೂ ಒಟ್ಟಿಗೆ ಕೊಟ್ಟು, ಆಮೇಲೆ ‘ನೀನೇ ಆರಿಸಿಕೊಂಡೆ’ ಎನ್ನುವುದು ಯಾವ ನ್ಯಾಯ? ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲುಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರಿಗೂ ಸಂಬಳ ಸಿಗುತ್ತಿತ್ತು. ಅವರ ಕಾಯಿಲೆಯನ್ನು ಯಾರೂ ‘ಕೆಲಸದ ಮೇಲಿನ ಪ್ರೀತಿ’ ಎಂದು ಕರೆಯಲಿಲ್ಲ. ಸಿಲಿಕೋಸಿಸ್ ಎಂದರು, ಗಣಿಯಿಂದ ಬಂದದ್ದು ಎಂದರು. ಸೇಯೌನ ರೋಗಕ್ಕೂ ಅಂಥದೇ ಒಂದು ಒಣ ಹೆಸರು ಸಿಗಲಿ ಎನ್ನುವುದಷ್ಟೇ ನನ್ನ ಬೇಡಿಕೆ. ವೃತ್ತಿಯಿಂದ ಬಂದ ರೋಗ. ಯೋಧನ ದುರಂತ ಬೇಡ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆಡಿದವರೆಲ್ಲರಿಗೂ ಈ ರೋಗ ಬರುತ್ತದೆಯೇ? ಇಲ್ಲ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ತಂಡ 111 ಮಾಜಿ ಎನ್‌ಎಫ್‌ಎಲ್ ಆಟಗಾರರ ಮಿದುಳು ಪರೀಕ್ಷಿಸಿ 110ರಲ್ಲಿ ಸಿಟಿಇ ಕಂಡಾಗ ಎಲ್ಲ ಕಡೆ ಅದೇ ಸುದ್ದಿ. ಆದರೆ ಅವು ಮನೆಯವರು ಅನುಮಾನ ಬಂದು ದಾನ ಕೊಟ್ಟ ಮಿದುಳುಗಳು. ಆ ಸಂಖ್ಯೆಯನ್ನು ಹಿಡಿದು ನೂರಕ್ಕೆ 99 ಎನ್ನುವುದು ತಪ್ಪು, ಸಂಶೋಧಕರೇ ಅದನ್ನು ಹೇಳಿದ್ದಾರೆ. ನನ್ನನ್ನು ಹೆಚ್ಚು ಕಾಡಿದ್ದು 2023ರಲ್ಲಿ ಅದೇ ಬಾಸ್ಟನ್ನಿನವರು ಸೇರಿ ಪ್ರಕಟಿಸಿದ, ಫುಟ್‌ಬಾಲ್ ಆಡಿದ 631 ಜನರ ಮಿದುಳುಗಳ ಅಧ್ಯಯನ. ಸಿಟಿಇಗೂ ಗುರುತಿಸಿದ ಕನ್‌ಕಷನ್ನುಗಳ ಸಂಖ್ಯೆಗೂ ಅಲ್ಲಿ ನಂಟು ಕಾಣಲಿಲ್ಲ. ನಂಟು ಕಂಡದ್ದು ವರ್ಷಗಟ್ಟಲೆ ತಲೆಗೆ ಬಿದ್ದ ಒಟ್ಟು ಪೆಟ್ಟುಗಳಿಗೆ, ಅವುಗಳ ಒಟ್ಟು ಬಲಕ್ಕೆ. ಅಂದರೆ ತಲೆ ತಿರುಗಿ ಬೀಳಿಸದ ಪೆಟ್ಟುಗಳು, ಎದ್ದು ಮುಷ್ಟಿ ಬೀಸಿ ಕುಣಿಯಬಹುದಾದ ಪೆಟ್ಟುಗಳು, ಅಭ್ಯಾಸದ ದಿನದ ಪೆಟ್ಟುಗಳು. ಬಸ್ಸು ಗಕ್ಕನೆ ಬ್ರೇಕ್ ಹಾಕಿದರೆ ಬಸ್ಸು ನಿಲ್ಲುತ್ತದೆ, ಒಳಗೆ ನಿಂತವನು ಮುಂದಕ್ಕೆ ಮುಗ್ಗರಿಸುತ್ತಾನೆ. ಹೆಲ್ಮೆಟ್ಟು ಬಸ್ಸಿನ ಮೈಯನ್ನು ಕಾಯುತ್ತದೆ. ಒಳಗೆ ನಿಂತವನಿಗೆ ಹಿಡಿದುಕೊಳ್ಳಲು ಕಂಬಿಯಿಲ್ಲ.

ಈ ಸಂಗತಿ ತಿಳಿದ ಮೇಲೆ ಆ ವಿಡಿಯೋವನ್ನು ಮೊದಲಿನ ಹಾಗೆ ನೋಡುವುದು ಹೇಗೆ? ಲೀಗ್ ಈಗ ನಿಯಮ ಬಿಗಿಮಾಡಿದ್ದೇವೆ, ತಲೆಗೆ ತಲೆ ಗುದ್ದಿದರೆ ದಂಡ, ಕನ್‌ಕಷನ್ ಆದವನನ್ನು ಹೊರಗೆ ಕೂರಿಸುತ್ತೇವೆ ಎನ್ನುತ್ತದೆ. ಒಳ್ಳೆಯದೇ. ಆದರೆ ಅಷ್ಟೂ ಕ್ರಮಗಳ ಕಣ್ಣಿರುವುದು ತಪ್ಪಾಟದ ಮೇಲೆ, ಎದ್ದು ಕಾಣುವ ಗಾಯದ ಮೇಲೆ. ಸೇಯೌ ತಪ್ಪಾಟ ಆಡಿದವನಲ್ಲ. ಅವನ ಮಿದುಳನ್ನು ತಿಂದದ್ದು ಸರಿಯಾದ ಆಟ, ಕೋಚುಗಳು ಹುಡುಗರಿಗೆ ತೋರಿಸಿ ಹೀಗೆ ಮಾಡಿ ಎನ್ನುವ ಆಟ.

ಅವನಿಗಿಂತ ಒಂದು ವರ್ಷ ಮೊದಲು ಸತ್ತ ಡೇವ್ ಡುಯರ್ಸನ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಅವನೂ ರಕ್ಷಣೆಯ ಆಟಗಾರ, 1985ರ ಪ್ರಸಿದ್ಧ ಶಿಕಾಗೋ ಬೇರ್ಸ್ ತಂಡದವನು, ಅರ್ಥಶಾಸ್ತ್ರ ಓದಿದ ಬುದ್ಧಿವಂತ. ನಿವೃತ್ತ ಆಟಗಾರರ ಅಂಗವೈಕಲ್ಯದ ಅರ್ಜಿಗಳನ್ನು ತೀರ್ಮಾನಿಸುವ ಮಂಡಳಿಯಲ್ಲಿ ಕೂತಿದ್ದ. ಅರ್ಜಿಗಳನ್ನು ತಿರಸ್ಕರಿಸುತ್ತಾರೆಂದು ಹಳೆಯ ಆಟಗಾರರು ಶಪಿಸುತ್ತಿದ್ದ ಮಂಡಳಿ ಅದು. 2007ರಲ್ಲಿ ಸಂಸತ್ತಿನ ವಿಚಾರಣೆಯಲ್ಲಿ ವ್ಯವಸ್ಥೆಯ ಪರವಾಗಿ ಮಾತಾಡಿದ್ದ. 2011ರ ಫೆಬ್ರವರಿಯಲ್ಲಿ ತನ್ನ ಜೀವ ತೆಗೆದುಕೊಳ್ಳುವಾಗ, ತನ್ನ ಮಿದುಳನ್ನು ಪರೀಕ್ಷೆಗೆ ಕೊಡಿ ಎಂದು ಬರೆದಿಟ್ಟಿದ್ದ. ಸಿಟಿಇ ಇತ್ತು. ಇತರರ ಅರ್ಜಿ ನೋಡುತ್ತಿದ್ದವನು ಕೊನೆಗೆ ತನ್ನ ಅರ್ಜಿಯನ್ನು ಸಲ್ಲಿಸಿದ್ದು ಹಾಗೆ.

ಸೇಯೌ ಕಥೆಯಲ್ಲಿ ಇನ್ನೊಂದು ಅಧ್ಯಾಯವಿದೆ, ಹೊಗಳುವವರು ಅದನ್ನು ಜಾಣತನದಿಂದ ದಾಟಿಬಿಡುತ್ತಾರೆ. 2015ರ ಆಗಸ್ಟ್ 8ರಂದು ಒಹಾಯೋದ ಕ್ಯಾಂಟನ್‌ನಲ್ಲಿರುವ ಹಾಲ್ ಆಫ್ ಫೇಮ್‌ಗೆ ಅವನನ್ನು ಸೇರಿಸಿಕೊಂಡರು. ಅರ್ಹತೆಯ ಮೊದಲ ವರ್ಷದಲ್ಲೇ. ಸಮೋವಾ ಮೂಲದವರಲ್ಲಿ ಆ ಗೌರವ ಪಡೆದ ಮೊದಲಿಗ. ಅಲ್ಲಿ ಗೌರವ ಎಂದರೆ ಆಟಗಾರನ ತಲೆಯನ್ನು ಕಂಚಿನಲ್ಲಿ ಎರಕ ಹೊಯ್ದು ಇಡುವುದು. ತಲೆಯನ್ನು! ಮಗಳು ಸಿಡ್ನಿ ವೇದಿಕೆಯ ಮೇಲೆ ಅಪ್ಪನ ಪರವಾಗಿ ಭಾಷಣ ಮಾಡಬೇಕೆಂದಿದ್ದಳು. ಆಗುವುದಿಲ್ಲ ಎಂದರು. ಸತ್ತವರ ಪರವಾಗಿ ಭಾಷಣ ಬೇಡ, ವಿಡಿಯೋ ತೋರಿಸಿದರೆ ಸಾಕು ಎಂದು 2010ರಲ್ಲೇ ನಿಯಮ ಮಾಡಿದ್ದೇವೆ ಎಂಬ ಸಮಜಾಯಿಷಿ. ಸೇಯೌ ಕುಟುಂಬ ಲೀಗಿನ ಮೇಲೆ ಹೂಡಿದ್ದ ಮೊಕದ್ದಮೆಗೂ ಇದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದರು. ಇರಲಿ, ನಂಬೋಣ. ತನ್ನ ಮಾತು ಅಪ್ಪನ ಬಗ್ಗೆಯೇ ಹೊರತು ಆ ರಗಳೆಯ ಬಗ್ಗೆ ಅಲ್ಲ ಎಂದು ಮಗಳು ಮೊದಲೇ ಹೇಳಿದ್ದಳು. ಟೀಕೆ ಹೆಚ್ಚಾದ ಮೇಲೆ ವೇದಿಕೆಯಲ್ಲಿ ಒಂದು ಪುಟ್ಟ ಸಂದರ್ಶನಕ್ಕೆ ಅವಕಾಶ ಕೊಟ್ಟರು. ಅವಳ ಪೂರ್ತಿ ಭಾಷಣವನ್ನು ಜನ ಕೇಳಿದ್ದು ಪತ್ರಿಕೆಯೊಂದರ ಮೂಲಕ. ಇಪ್ಪತ್ತು ವರ್ಷ ಅವನಿಂದ ಕೋಟ್ಯಂತರ ಡಾಲರು ದುಡಿದ ವೇದಿಕೆಗೆ ಅವನ ಮಗಳ ಕೆಲವು ನಿಮಿಷ ಭಾರವಾಯಿತು. ಅಂದು ಅಲ್ಲಿ ತೋರಿಸಿದ ವಿಡಿಯೋಗೂ ನನಗೆ ಬಂದ ವಿಡಿಯೋಗೂ ಜಾತಿ ಒಂದೇ ಇರಬೇಕು ಎಂದುಕೊಳ್ಳುತ್ತೇನೆ.

ಆ ಹೊತ್ತಿಗೆ ಲೀಗು ಮಾಜಿ ಆಟಗಾರರ ಸಾಮೂಹಿಕ ಮೊಕದ್ದಮೆಯಲ್ಲಿ ರಾಜಿ ಮಾಡಿಕೊಂಡಿತ್ತು. 2013ರಲ್ಲಿ ಮೊದಲು ಒಪ್ಪಿದ್ದು 76.5 ಕೋಟಿ ಡಾಲರ್. ಆಮೇಲೆ ಆ ಮಿತಿಯನ್ನು ತೆಗೆದರು. ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. 2015ರ ಏಪ್ರಿಲ್ 22ಕ್ಕೆ ಮೊದಲು ಸತ್ತು ಸಿಟಿಇ ಪತ್ತೆಯಾದವರ ಕುಟುಂಬಕ್ಕೆ 40 ಲಕ್ಷ ಡಾಲರ್‌ವರೆಗೆ ಪರಿಹಾರ. ಅದಾದ ಮೇಲೆ ಸತ್ತವರ ಮಿದುಳಿನಲ್ಲಿ ಅದೇ ರೋಗ ಸಿಕ್ಕರೆ ಆ ಲೆಕ್ಕದಲ್ಲಿ ಏನೂ ಇಲ್ಲ. ಸಾವಿಗೂ ಕೊನೆಯ ದಿನಾಂಕ! ಸೇಯೌ ಮನೆಯವರು ರಾಜಿಗೆ ಸೇರದೆ ಹೊರಗುಳಿದು ಸ್ವತಂತ್ರವಾಗಿ ಹೋರಾಡಿದರು. ನ್ಯಾಯಾಲಯದಲ್ಲಿ ವಿಚಾರಣೆ ನಡೆದಿದ್ದರೆ ಕಡತಗಳು ಹೊರಬರುತ್ತಿದ್ದವೋ ಏನೋ. 2018ರಲ್ಲಿ ಅದೂ ರಾಜಿಯಾಯಿತು, ಷರತ್ತುಗಳು ಗುಟ್ಟು. ಆ ಕುಟುಂಬವನ್ನು ದೂರಲು ನಾನ್ಯಾರು. ಐದು ವರ್ಷ ಕೋರ್ಟಿಗೆ ಅಲೆದವರು ಅವರು.

ಧೈರ್ಯದ ಬಗ್ಗೆ ಅಷ್ಟು ಮಾತಾಡುವ ಆ ಲೋಕ ಕ್ರಿಸ್ ಬೋರ್ಲಂಡ್ ಎಂಬ ಹುಡುಗನ ವಿಡಿಯೋವನ್ನು ಯಾಕೆ ಪಿಟೀಲು ಹಾಕಿ ಹಂಚುವುದಿಲ್ಲ? ಅವನೂ ಲೈನ್‌ಬ್ಯಾಕರ್. ಸ್ಯಾನ್ ಫ್ರಾನ್ಸಿಸ್ಕೋ ತಂಡದಲ್ಲಿ ಒಂದೇ ಋತು ಆಡಿದ, ಚೆನ್ನಾಗಿಯೇ ಆಡಿದ. 2015ರ ಮಾರ್ಚಿನಲ್ಲಿ, 24ನೇ ವಯಸ್ಸಿಗೆ, ಓದಿ ವಿಚಾರಿಸಿ ನೋಡಿದೆ, ಮಿದುಳನ್ನು ಪಣಕ್ಕಿಡಲಾರೆ ಎಂದು ಆಟ ಬಿಟ್ಟ. ಸಹಿ ಹಾಕಿದಾಗ ಪಡೆದ ಬೋನಸ್ಸಿನ ದೊಡ್ಡ ಪಾಲನ್ನು ವಾಪಸು ಕೊಟ್ಟ. ಕುತ್ತಿಗೆ ನರದ ನೋವಿನಲ್ಲಿ ಆಡಿದವನ ಧೈರ್ಯವನ್ನು ಹಾಡಲು ಬರುತ್ತದೆ. ಲಕ್ಷಾಂತರ ಡಾಲರ್ ಹಿಂದಿರುಗಿಸಿ ಹೊರನಡೆದವನ ಧೈರ್ಯಕ್ಕೆ ಅವರಲ್ಲಿ ಪದವೇ ಇಲ್ಲ. ಅಂಥವನಿಗೆ ನಮ್ಮಲ್ಲಿ ಪದವಿದೆಯೇ ಎಂದು ಕೇಳಿಕೊಂಡೆ. ‘ಹೇಡಿ ಅಲ್ಲ’ ಎನ್ನುವುದಕ್ಕಿಂತ ಮುಂದೆ ಹೋಗಲಾಗಲಿಲ್ಲ. ವೀರಗಲ್ಲುಗಳ ನಾಡಿನವರು ನಾವು. ಕಾದಾಡಿ ಸತ್ತವನಿಗೆ ಕಲ್ಲು ನಿಲ್ಲಿಸಿದ್ದೇವೆ, ಬದುಕಿ ಹಿಂದಿರುಗಿದವನ ಹೆಸರನ್ನು ಎಲ್ಲಿ ಕೆತ್ತಬೇಕೋ ಗೊತ್ತಿಲ್ಲ.

ಹುಡುಗನಿಗೆ ಇದನ್ನೆಲ್ಲ ಹೇಗೆ ಹೇಳುವುದು? ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದೆ. ತಾಳ್ಮೆಯಿಂದ ಕೇಳಿದ. ‘ಮಾಮ, ಅದೆಲ್ಲ ಆ ಕಾಲ. ಈಗ ಹೆಲ್ಮೆಟ್ ಬೇರೆ ಥರ ಇದೆ. ನಮ್ ಕೋಚು ತಲೆ ಮುಂದೆ ಕೊಡಬೇಡಿ ಅಂತ ಹೇಳಿಕೊಡ್ತಾರೆ’ ಎಂದ. ಬಸ್ಸಿನ ಉದಾಹರಣೆ ಕೊಟ್ಟೆ. ಅವನು ಹುಟ್ಟಿದಾಗಿನಿಂದ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವನೇ ಅಲ್ಲ. ನಕ್ಕುಬಿಟ್ಟ. ಆಮೇಲೆ ಕೇಳಿದ, ‘ಹಾಗಾದ್ರೆ ಅವನ ಆಟ ಚೆನ್ನಾಗಿಲ್ವಾ?’

ಚೆನ್ನಾಗಿದೆ ಎಂದೆ. ಸುಳ್ಳು ಹೇಳಲಾಗಲಿಲ್ಲ.

ಶಾಲೆಯಿಂದ ಬಂದ ಒಪ್ಪಿಗೆಯ ಫಾರಂ ಫೋಟೋ ತೆಗೆದು ಅಕ್ಕ ನನಗೆ ಕಳಿಸಿದ್ದಾಳೆ. ಜೊತೆಗೆ ಕನ್‌ಕಷನ್ ಬಗ್ಗೆ ಒಂದು ಮಾಹಿತಿ ಹಾಳೆ: ತಲೆನೋವು ಬಂದರೆ, ವಾಂತಿ ಬಂದರೆ, ಕಣ್ಣು ಮಂಜಾದರೆ ತಕ್ಷಣ ತಿಳಿಸಿ. ತಲೆನೋವು ಬರಿಸದ ಪೆಟ್ಟಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಕೆಳಗೆ ತಂದೆ ಅಥವಾ ತಾಯಿಯ ಸಹಿ ಎಂಬ ಕಡೆ ಭಾವನ ಸಹಿ ಬಿದ್ದಾಗಿದೆ. ಪಕ್ಕದಲ್ಲಿ ಇನ್ನೊಂದು ಸಹಿಗೆ ಜಾಗವಿದೆ, ಕಡ್ಡಾಯವಲ್ಲವಂತೆ. ‘ನಾನು ಹಾಕಲಾ ಬೇಡವಾ, ಸೋಮವಾರದೊಳಗೆ ಹೇಳು’ ಎಂದು ಅಕ್ಕ ಬರೆದಿದ್ದಾಳೆ. ಈ ಲೇಖನದ ಲಿಂಕನ್ನು ಅವಳಿಗೆ ಕಳಿಸುತ್ತೇನೆ.